ಅಭ್ಯರ್ಥಿ ಹುಟ್ಟುವ ಊರುಗಳು

ತೀರ್ಥಹಳ್ಳಿ ದಾಟಿ ಕೊಪ್ಪದ ದಾರಿ ಹಿಡಿದ ಮೇಲೆ ಬಸ್ಸಿನ ಕಿಟಕಿಯಿಂದ ಕಣ್ಣು ಕೀಳುವುದು ಕಷ್ಟ. ಕಣಿವೆಯ ತಳದಲ್ಲಿ ಅಡಿಕೆ ತೋಟ, ಇಳಿಜಾರಿನಲ್ಲಿ ಕಾಫಿ ಗಿಡ, ಅದರ ಮೇಲೆ ಕಪ್ಪುಹಸಿರಿನ ಕಾಡು. ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದಕ್ಕೆ ಕೇಳಿಸದಷ್ಟು ಅಂತರ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆಚೆ ದಂಡೆಯ ನೆಂಟರೂ ದೂರವೇ. ಹೀಗೆ ಚದುರಿ ಬಾಳುವ ಜನ ಚುನಾವಣೆಯ ದಿನ ಗುಡ್ಡ ಇಳಿದು ಬಂದು ಸಾಲಿನಲ್ಲಿ ನಿಲ್ಲುತ್ತಾರಲ್ಲ, ಅದೇ ನನಗೆ ಸೋಜಿಗ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳು ಸೇರುವುದು ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ. 2023ರ ಮೇ 13ರಂದು ಇಲ್ಲಿ ಘೋಷಣೆಯಾದ ಗೆಲುವಿನ ಅಂತರ ಕೇವಲ 201 ಮತ. ಕಾಂಗ್ರೆಸ್ಸಿನ ಟಿ.ಡಿ. ರಾಜೇಗೌಡ, ಬಿಜೆಪಿಯ ಡಿ.ಎನ್. ಜೀವರಾಜ್ ಇಬ್ಬರೂ 2013ರಲ್ಲಿ, 2018ರಲ್ಲಿ ಎದುರಾಗಿದ್ದವರೇ. 2023ರಲ್ಲೂ ಅದೇ ಜೋಡಿ. ಒಂದೆರಡು ಬೂತಿನ ಮತ ಆಚೀಚೆ ಆಗಿದ್ದರೆ ಶಾಸಕರೇ ಬೇರೆ. ಕೊನೆಯ ಆಯ್ಕೆಯಲ್ಲಿ ಒಂದೊಂದು ಮತಕ್ಕೂ ಅಷ್ಟು ತೂಕ. ಹಾಗಾದರೆ ಕಣದಲ್ಲಿ ಯಾರು ನಿಲ್ಲಬೇಕೆಂಬ ಮೊದಲ ಆಯ್ಕೆಯಲ್ಲಿ ಈ ಜನರ ಪಾಲೆಷ್ಟು? ಈ ಪ್ರಶ್ನೆ ಹೊತ್ತುಕೊಂಡೇ ನಾನು ಈ ಮೂರು ಊರು ಸುತ್ತಿದ್ದು.

ಕೊಪ್ಪದ ಹೋಟೆಲೊಂದರಲ್ಲಿ ಎದುರು ಕೂತಿದ್ದ ಹಿರಿಯರು ಪಕ್ಷವೊಂದಕ್ಕೆ ಹರೆಯದಿಂದಲೂ ದುಡಿದವರು. ಕೇಳಿದ್ದಕ್ಕೆ ನೇರವಾಗಿ ಹೇಳಿದರು: “ಟಿಕೆಟ್ ಆಗೋದು ಇಲ್ಲಲ್ಲ ಮಾರಾಯ್ರೆ, ಬೆಂಗಳೂರು ಇಲ್ಲಾ ಡೆಲ್ಲಿ. ಹೆಸರು ಬಂದ ಮೇಲೆ ನಮ್ಮ ಕೆಲಸ ಶುರು.”

ಅವರು ಹೇಳಿದ ಆ ‘ಆಗುವುದು’ ಕಾಗದದ ಮೇಲೆ ಹೇಗಿರುತ್ತದೆ ಗೊತ್ತೆ? ಎರಡು ನಮೂನೆಗಳು. ಎ ಫಾರಂನಲ್ಲಿ ಪಕ್ಷ, ತನ್ನ ಪರವಾಗಿ ಸಹಿ ಹಾಕುವವರು ಯಾರೆಂದು ತಿಳಿಸುತ್ತದೆ. ಆ ವ್ಯಕ್ತಿ ಬಿ ಫಾರಂನಲ್ಲಿ ಅಭ್ಯರ್ಥಿಯ ಹೆಸರು ಬರೆದು, ಆ ನಾಮಪತ್ರ ತಿರಸ್ಕೃತವಾದರೆ ಇರಲಿ ಎಂದು ಇನ್ನೊಬ್ಬರ ಹೆಸರನ್ನೂ ಸೇರಿಸಿ, ಶಾಯಿಯಲ್ಲೇ ಸಹಿ ಮಾಡಬೇಕು. ರಬ್ಬರ್ ಮೊಹರು ನಡೆಯದು. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅದು ಚುನಾವಣಾಧಿಕಾರಿಯ ಕೈ ಸೇರಿದರೆ ಪಕ್ಷದ ಚಿಹ್ನೆ ಆ ಅಭ್ಯರ್ಥಿಯದು. ಆ ಹೆಸರು ಎಲ್ಲಿಂದ ಬಂತು, ಸದಸ್ಯರನ್ನು ಕೇಳಿದರೇ ಎಂದು ಕಾನೂನು ವಿಚಾರಿಸುವುದಿಲ್ಲ. ಪಕ್ಷಗಳ ನೋಂದಣಿಗೆಂದು ಪ್ರಜಾಪ್ರಾತಿನಿಧ್ಯ ಕಾಯ್ದೆಗೆ ಸೇರಿದ 29ಎ ಕಲಮು ಕೂಡ ಅಭ್ಯರ್ಥಿಯನ್ನು ಆರಿಸುವ ಬಗೆಯ ಕುರಿತು ಏನೂ ಹೇಳುವುದಿಲ್ಲ.

ಇದೇ ಕೊಪ್ಪ, ಎಚ್.ಜಿ. ಗೋವಿಂದೇಗೌಡರ ಊರು ಎಂಬುದು ನೆನಪಾದಾಗ ಮನಸ್ಸು ತುಂಬಿ ಬಂತು. ಶೃಂಗೇರಿ ಕ್ಷೇತ್ರದಿಂದ ಗೆದ್ದು 1994ರ ಸರ್ಕಾರದಲ್ಲಿ ಶಿಕ್ಷಣ ಸಚಿವರಾದ ಅವರು, ಶಿಫಾರಸು ಬದಿಗಿಟ್ಟು ಅಂಕಗಳ ಆಧಾರದ ಮೇಲೆ ಶಿಕ್ಷಕರ ನೇಮಕ ನಡೆಸಿದರು. ಯಾರ ಪರಿಚಯವೂ ಇಲ್ಲದ ಬಡವರ ಮನೆಯ ಮಕ್ಕಳು ಮೇಷ್ಟ್ರಾದರು. ಕನ್ನಡ ಶಾಲೆಯ ಮೇಷ್ಟ್ರನ್ನು ಎಲ್ಲರ ಕಣ್ಣೆದುರು ಆರಿಸಬಹುದೆಂದು ತೋರಿಸಿಕೊಟ್ಟ ನಾಡಿನಲ್ಲಿ ಶಾಸಕರ ಅಭ್ಯರ್ಥಿಯನ್ನು ಮಾತ್ರ ಮುಚ್ಚಿದ ಬಾಗಿಲ ಹಿಂದೆ ಏಕೆ ಆರಿಸಬೇಕು?

ಹರಿಹರಪುರದ ಮೇಲೆ ಶೃಂಗೇರಿಗೆ ಬಂದೆ. ವಿದ್ಯಾಶಂಕರ ದೇವಾಲಯದ ಮುಂದೆ ನಿಂತರೆ ಎಂಥವರಿಗೂ ಮಾತು ಹೊರಡದು. ಒಳಗಿನ ಹನ್ನೆರಡು ಕಂಬಗಳಿಗೆ ಹನ್ನೆರಡು ರಾಶಿ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬದ ಮೇಲೆ ಬೆಳಕು ಬೀಳುವಂತೆ ಕಟ್ಟಿದ್ದಾರೆಂದು ಪ್ರತೀತಿ. ತುಂಗೆಯ ಮೆಟ್ಟಿಲಲ್ಲಿ ಮೀನುಗಳು ಮಂಡಕ್ಕಿಗೆ ಮುಗಿಬೀಳುತ್ತಿದ್ದವು. ಇಲ್ಲಿನ ಶಾರದಾ ಪೀಠದಲ್ಲಿ ಗುರುಗಳೇ ಉತ್ತರಾಧಿಕಾರಿಯನ್ನು ಆರಿಸುತ್ತಾರೆ. 2015ರ ಜನವರಿಯಲ್ಲಿ ಭಾರತೀತೀರ್ಥ ಸ್ವಾಮಿಗಳು ವಿಧುಶೇಖರ ಭಾರತಿಗಳಿಗೆ ಸಂನ್ಯಾಸ ಕೊಟ್ಟರು. ಗುರುಪರಂಪರೆಗೆ ಅದೇ ಸಹಜ, ಅದೇ ಶೋಭೆ. ಆದರೆ ಪಕ್ಷದ ಹೈಕಮಾಂಡ್ ಗುರುಪೀಠವಲ್ಲ. ಅದರ ಬಲವೆಲ್ಲ ಮತದಾರ ಕೊಟ್ಟದ್ದು.

ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ಘಟ್ಟ ಇಳಿದರೆ ಕಾರ್ಕಳ, ಅದರಾಚೆ ದಕ್ಷಿಣ ಕನ್ನಡ. 2014ರ ಲೋಕಸಭಾ ಚುನಾವಣೆಗೆ ಮೊದಲು ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ಕಾಂಗ್ರೆಸ್ ಪಕ್ಷದೊಳಗೇ ಮತದಾನ ನಡೆಸಿ ಅಭ್ಯರ್ಥಿಯನ್ನು ಆರಿಸುವ ಪ್ರಯೋಗ ಮಾಡಿದಾಗ ಕರ್ನಾಟಕಕ್ಕೆ ಸಿಕ್ಕಿದ್ದು ಎರಡು: ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ಮಂಗಳೂರಲ್ಲಿ ಜನಾರ್ದನ ಪೂಜಾರಿ, ಬೆಂಗಳೂರಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ಮತ ಹಾಕಿದ್ದು ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳು ಮಾತ್ರ; ಸಾಮಾನ್ಯ ಮತದಾರರಲ್ಲ. ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ಕಾನೂನಿನ ಆಸರೆಯಿಲ್ಲದ ಪ್ರಯೋಗ ಪಕ್ಷದ ಮನಸ್ಸಿದ್ದಷ್ಟು ದಿನ ಬದುಕಿ ಅಲ್ಲಿಗೇ ಮುಗಿಯಿತು.

ಅಮೆರಿಕದಲ್ಲಿ ಇದನ್ನು ಪಕ್ಷದ ಮರ್ಜಿಗೆ ಬಿಟ್ಟಿಲ್ಲ. ವಿಸ್ಕಾನ್ಸಿನ್ ರಾಜ್ಯ 1903ರಲ್ಲೇ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಪ್ರಾಥಮಿಕ ಚುನಾವಣೆಗೆ ಕಾನೂನು ತಂದಿತು. ಈ ಪದ್ಧತಿಯನ್ನು ಅನ್ಯಾಯಕ್ಕೂ ಬಳಸಿದವರುಂಟು. ಟೆಕ್ಸಾಸ್‌ನಲ್ಲಿ ಡೆಮಾಕ್ರಟಿಕ್ ಪಕ್ಷದ ಪ್ರಾಥಮಿಕ ಚುನಾವಣೆಯಿಂದ ಕಪ್ಪು ಜನರನ್ನು ಹೊರಗಿಟ್ಟಿದ್ದರು. 1944ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕೊನೆಗೊಳಿಸಿತು. ಎಲ್ಲ ಪಕ್ಷದವರನ್ನೂ ಒಂದೇ ಪಟ್ಟಿಗೆ ತಂದು ಮೊದಲಿಬ್ಬರನ್ನು ಅಂತಿಮ ಕಣಕ್ಕೆ ಕಳಿಸುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾದ ಜನ 2010ರಲ್ಲಿ ಒಪ್ಪಿದರು. ಲೂಯಿಸಿಯಾನ 2024ರಲ್ಲಿ ತದ್ವಿರುದ್ಧ ದಿಕ್ಕಿಗೆ ಹೊರಳಿ, ಕೆಲವು ಹುದ್ದೆಗಳಿಗೆ 2026ರಿಂದ ಪಕ್ಷವಾರು ಪ್ರಾಥಮಿಕ ಚುನಾವಣೆಯ ಕಾನೂನು ಮಾಡಿತು. ಒಂದೊಂದು ರಾಜ್ಯದ್ದು ಒಂದೊಂದು ದಾರಿ. ಆದರೂ ಮೊದಲ ಆಯ್ಕೆ ಹೇಗಿರಬೇಕೆಂದು ಶಾಸನಸಭೆಯಲ್ಲೂ ಜನರ ನಡುವೆಯೂ ಚರ್ಚೆಯಾಗುತ್ತದೆ. ನಮ್ಮಲ್ಲಿ ಆ ಚರ್ಚೆಯೇ ಅಪರೂಪ.

ಹೀಗೆ ಯೋಚಿಸುತ್ತ ಜಯಪುರ, ಬಾಳೆಹೊನ್ನೂರು ದಾಟಿ ನರಸಿಂಹರಾಜಪುರದ ಕಡೆ ಹೋದೆ. ತುಂಗೆಯ ಸೀಮೆ ಮುಗಿದು ಭದ್ರೆಯ ಸೀಮೆ ಬಂತು. ಮರಗಳ ಸಂದಿಯಲ್ಲಿ ಹಿನ್ನೀರು ಕಂಡಾಗ, ಇಷ್ಟು ನೀರು ಬೆಟ್ಟದ ಮಡಿಲಲ್ಲಿ ಹೇಗೆ ನಿಂತಿತು ಎಂದು ಬೆರಗಾಯಿತು. ಅದಕ್ಕಿಂತ ದೊಡ್ಡ ಬೆರಗು ಒಂದು ಮನೆಯ ಜಗಲಿಯಲ್ಲಿ ಕಾದಿತ್ತು.

ಆ ಮನೆಯಾಕೆ ಗ್ರಾಮ ಪಂಚಾಯಿತಿಗೆ ಸದಸ್ಯೆಯಾಗಿದ್ದವರು. ಹಾಳೆತಟ್ಟೆಯಲ್ಲಿ ಅಡಿಕೆ ಹರಡಿಕೊಂಡು ಮಾತಾಡಿದರು. “ನಮ್ಮ ಸ್ತ್ರೀಶಕ್ತಿ ಸಂಘದ ಸಭೇಲೇ ಮೊದಲು ನನ್ನ ಹೆಸರು ಬಂದಿದ್ದು ಸರ್. ಆಮೇಲೆ ಊರಿನವರು ಇದೇ ಜಗಲೀಲಿ ಕೂತರು. ಇಬ್ಬರು ಬೇಡ ಅಂದರು, ಅದೂ ಎದುರಿಗೇ. ಕೊನೆಗೆ ಅವರೇ ನನ್ನ ಜೊತೆ ಅರ್ಜಿ ಹಾಕೋಕೆ ಬಂದರು.” ಮಹಿಳೆಯರ ಠೇವಣಿ 100 ರೂಪಾಯಿ. ಬಿ ಫಾರಂ ಬೇಕಿಲ್ಲ, ಪಕ್ಷದ ಚಿಹ್ನೆಯೂ ಇಲ್ಲ.

ಇದರ ಹಿಂದೆ ಇರುವುದು ನಮ್ಮದೇ ರಾಜ್ಯದ ಕಾನೂನು. 1983ರ ಕಾಯ್ದೆ ಆಗ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕನಸು. ಅದು ಮಂಡಲ ಪಂಚಾಯಿತಿಗಳನ್ನು ತಂದಿತು, ದೇಶಕ್ಕಿಂತ ಮೊದಲೇ 18 ವರ್ಷದವರಿಗೆ ಸ್ಥಳೀಯ ಮತದಾನದ ಹಕ್ಕು ಕೊಟ್ಟಿತು. 1993ರ ಪಂಚಾಯತ್ ರಾಜ್ ಕಾಯ್ದೆಯ ಅಡಿಯಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತವಾಯಿತು. ಸುಮಾರು 400 ಜನರಿಗೆ ಒಬ್ಬ ಸದಸ್ಯ. 2010ರಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದ್ದಾಯಿತು. ಪಕ್ಷದವರು ತೆರೆಮರೆಯಲ್ಲಿ ಕೈಯಾಡಿಸುವುದು, ಕೆಲವೆಡೆ ಸ್ಥಾನವನ್ನೇ ಹರಾಜಿಗಿಡುವ ಕೆಟ್ಟ ಚಾಳಿ ಎರಡೂ ಇವೆ, ಎರಡನ್ನೂ ಖಂಡಿಸಬೇಕು. ಆದರೂ ‘ಬೇಡ’ ಎನ್ನುವವರು ಎದುರಿಗೇ ಹೇಳಿ, ಆಮೇಲೆ ಜೊತೆಗೇ ನಡೆದ ಆ ಜಗಲಿಯ ಸಭೆಯನ್ನು ಯಾವ ದೊಡ್ಡ ಪಕ್ಷವೂ ನಮಗಿನ್ನೂ ಕೊಟ್ಟಿಲ್ಲ.

ಪಂಚಾಯಿತಿ ಚುನಾವಣೆಗೆ ಕಾನೂನು ಮಾಡುವ ಅಧಿಕಾರವನ್ನು ಸಂವಿಧಾನದ 243ಕೆ ವಿಧಿ ರಾಜ್ಯದ ಶಾಸನಸಭೆಗೇ ಕೊಟ್ಟಿದೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಪಕ್ಷದ ಚಿಹ್ನೆಯ ಮೇಲೆಯೇ ಸ್ಪರ್ಧೆ. ಹಾಗಿದ್ದ ಮೇಲೆ, ಆ ಕ್ಷೇತ್ರದ ಪಕ್ಷದ ಸದಸ್ಯರೆಲ್ಲ ಗುಪ್ತ ಮತದಾನದಲ್ಲಿ ಆರಿಸಿದವರಿಗೇ ಚಿಹ್ನೆ ಸಿಗಲಿ, ಆ ಎಣಿಕೆ ರಾಜ್ಯ ಚುನಾವಣಾ ಆಯೋಗದ ಕಣ್ಗಾವಲಿನಲ್ಲಿ ನಡೆಯಲಿ ಎಂಬ ತಿದ್ದುಪಡಿಗಾಗಿ ನಾವು ದೆಹಲಿಯ ಕಡೆ ನೋಡಬೇಕಾಗಿಲ್ಲ. ನಜೀರ್ ಸಾಬರ ಕಾಯ್ದೆ ಬಂದಾಗಲೂ ದೇಶ ನಮ್ಮ ಹಿಂದೆ ಬಂತು. ಈ ಮೂರು ತಾಲ್ಲೂಕಿನ ಜನರಿಗೆ ಮೊದಲ ಆಯ್ಕೆ ಮಾಡುವುದು ಚೆನ್ನಾಗಿ ಗೊತ್ತಿದೆ. ಅದನ್ನು ಅವರ ಹಕ್ಕಾಗಿಸುವ ಕೆಲಸ ವಿಧಾನಸೌಧದ್ದು.