ಹುಟ್ಟಿದ ನಾಡು, ಸೇರಿದ ನಾಡು

ಹೆಣ್ಣು ಮದುವೆಯಾದೊಡನೆ ಗೋತ್ರ ಬದಲಾಗುವುದೆಂಬುದು ನಮ್ಮಲ್ಲಿ ಮಕ್ಕಳೂ ಬಲ್ಲ ಸಂಗತಿ. ಧಾರೆಯ ನೀರು ಬಿದ್ದ ಗಳಿಗೆಯಿಂದ ಅವಳು ತಂದೆಯ ಮನೆಗೆ ನೆಂಟಳು, ಗಂಡನ ಮನೆಗೆ ಒಡತಿ. ಆದರೆ ದೇಶವೇ ಬದಲಾಗುವುದೆಂದರೇನು, ಅದಕ್ಕೆ ಯಾವ ಧಾರೆ, ಯಾವ ಸಾಕ್ಷಿ ಎಂಬುದನ್ನು ನಾವು ದಂಪತಿಗಳು ವಿಚಾರಿಸಬೇಕಾಗಿ ಬಂದುದು ನಮ್ಮ ಹಿರಿಯ ಮಗಳ ದೆಸೆಯಿಂದ. ವ್ಯಾಸಂಗಕ್ಕೆಂದು ಇಟಲಿಗೆ ಹೋದವಳು ವೆನೆತೊ ಪ್ರಾಂತದ ತರುಣನೊಬ್ಬನನ್ನು ವರಿಸಿ ಅಲ್ಲಿಯೇ ನೆಲೆನಿಂತಳು. ಒಂದು ಗಂಡುಮಗುವೂ ಆಯಿತು. ೨೦೨೨ರಲ್ಲಿ ಅವಳು, ಆ ದೇಶದ ಪೌರತ್ವಕ್ಕೆ ಅರ್ಜಿ ಹಾಕಲೋ ಬೇಡವೋ ಎಂದು ನಮ್ಮನ್ನು ಕೇಳಿದಳು. ಇಂತಹ ಪ್ರಶ್ನೆ ಈಗ ಅನೇಕ ಕನ್ನಡಿಗರ ಮನೆಗಳಲ್ಲಿ ಎದ್ದಿರಬಹುದಾದುದರಿಂದ, ನಾವು ತಿಳಿದುಕೊಂಡುದನ್ನೂ ಅನುಭವಿಸಿದುದನ್ನೂ ವಾಚಕರ ಮುಂದಿಡುತ್ತೇವೆ.

ಇಟಲಿಯ ಹಳೆಯ ಕಾನೂನು ನಮ್ಮ ಹಳೆಯ ಸಂಪ್ರದಾಯಕ್ಕೆ ಅಷ್ಟೇನೂ ದೂರವಾಗಿರಲಿಲ್ಲ. ೧೯೧೨ರ ಕಾನೂನಿನಂತೆ ಇಟಲಿಯವನ ಕೈಹಿಡಿದ ಪರದೇಶದ ಹೆಣ್ಣು ಕೇಳದೆಯೇ ಇಟಲಿಯ ಪ್ರಜೆಯಾಗುತ್ತಿದ್ದಳು. ಇಟಲಿಯ ಹೆಣ್ಣು ಪರದೇಶದವನನ್ನು ಮದುವೆಯಾಗಿ, ಅದರಿಂದ ಗಂಡನ ದೇಶದ ಪೌರತ್ವ ಅವಳಿಗೆ ಬರುವಂತಿದ್ದರೆ, ಅವಳ ಇಷ್ಟವನ್ನು ಯಾರೂ ವಿಚಾರಿಸದೆಯೇ ತನ್ನ ಪೌರತ್ವ ಹೋಗುತ್ತಿತ್ತು. ಮಕ್ಕಳಿಗೆ ಅದು ಸಾಮಾನ್ಯವಾಗಿ ತಂದೆಯಿಂದಲೇ ಬರತಕ್ಕದ್ದು. ೧೯೪೮ರ ಜನವರಿ ೧ರಂದು ಜಾರಿಗೆ ಬಂದ ಅಲ್ಲಿನ ಸಂವಿಧಾನವು ಸ್ತ್ರೀಪುರುಷರು ಸಮಾನರೆಂದು ಸಾರಿತಾದರೂ, ಈ ಭೇದವನ್ನು ಸಂವಿಧಾನ ನ್ಯಾಯಾಲಯವು ತೊಡೆದುಹಾಕಿದುದು ೧೯೭೫ ಮತ್ತು ೧೯೮೩ರ ತೀರ್ಪುಗಳಿಂದ. ೧೯೮೩ರಿಂದೀಚೆಗೆ ಪರದೇಶದ ವಧುವಿಗೆ ಪೌರತ್ವ ತಾನಾಗಿ ಬರುವುದು ನಿಂತು, ಕೇಳಿ ಪಡೆಯತಕ್ಕದ್ದಾಯಿತು. ಈಗ ಆಧಾರವಾಗಿರುವುದು ೧೯೯೨ರ ಕಾನೂನು. ನಮ್ಮ ದೇಶದಲ್ಲಿಯೂ, ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಮೂಲಕವೂ ಪೌರತ್ವ ದೊರೆಯುವಂತಾದುದು ಅದೇ ೧೯೯೨ರ ತಿದ್ದುಪಡಿಯಿಂದಲೇ ಎಂಬುದನ್ನು ನಮ್ಮ ಸೋದರಿಯರು ಗಮನಿಸಬೇಕು.

ಮದುವೆಯಾದ ಮೇಲೆ ಇಟಲಿಯಲ್ಲಿ ಎರಡು ವರ್ಷ ವಾಸವಾಗಿದ್ದವರು, ಅಥವಾ ಹೊರದೇಶದಲ್ಲಿದ್ದು ಮೂರು ವರ್ಷ ದಾಂಪತ್ಯ ನಡೆಸಿದವರು ಅರ್ಜಿ ಹಾಕಬಹುದು. ಮಕ್ಕಳಿದ್ದರೆ ಈ ಅವಧಿ ಅರ್ಧ. ೨೦೧೮ರಿಂದ ಭಾಷೆಯ ಪರೀಕ್ಷೆಯೂ ಸೇರಿದೆ. ಶುಲ್ಕ ೨೫೦ ಯೂರೊ. ತೀರ್ಮಾನಕ್ಕೆ ಎರಡು ವರ್ಷದ ಗಡುವು. ಅದು ಮೂರರವರೆಗೂ ಬೆಳೆಯಬಹುದು. ಹೇಳಲು ಇದು ನಾಲ್ಕು ಮಾತು. ಕಷ್ಟವಿರುವುದು ಕಾಗದಪತ್ರಗಳಲ್ಲಿ.

ನಮ್ಮ ಮಗಳ ಜನನವನ್ನು ನಾಮಕರಣಕ್ಕೆ ಮೊದಲೇ ನೋಂದಾಯಿಸಿದ್ದುದರಿಂದ ದಫ್ತರದಲ್ಲಿ ‘ಹೆಣ್ಣು’ ಎಂದಿತ್ತೇ ಹೊರತು ಹೆಸರಿರಲಿಲ್ಲ. ಇಲ್ಲಿ ಅದರಿಂದ ಯಾವ ಕೆಲಸವೂ ನಿಂತಿರಲಿಲ್ಲ. ಅಲ್ಲಿ ಹೆಸರಿಲ್ಲದ ಜನನಪತ್ರವನ್ನು ಯಾರು ಕೊಂಡಾರು? ಶಾಲೆಯ ಪತ್ರದಲ್ಲಿ ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ಹೆಸರು; ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಪೂರ್ಣವಾಗಿ ಕೊನೆಗೆ ಬಂದಿತ್ತು. ಒಬ್ಬಳೇ ಹುಡುಗಿ ಮೂರು ಕಾಗದಗಳಲ್ಲಿ ಮೂವರಾಗಿ ನಿಂತಿದ್ದಳು! ಹೆಸರನ್ನು ದಫ್ತರಕ್ಕೆ ಸೇರಿಸಿ, ಮೂವರೂ ಒಬ್ಬಳೇ ಎಂದು ಪ್ರಮಾಣಪತ್ರ ಬರೆಯಿಸಿ, ರಾಜ್ಯ ಸರಕಾರದ ದೃಢೀಕರಣವನ್ನೂ ವಿದೇಶಾಂಗ ಖಾತೆಯ ಅಪೊಸ್ಟಿಲ್ ಮುದ್ರೆಯನ್ನೂ ಪಡೆದು, ಇಟಾಲಿಯನ್ ಭಾಷೆಗೆ ತರ್ಜುಮೆ ಮಾಡಿಸುವುದರಲ್ಲಿ ಒಂದು ಮಳೆಗಾಲ ಕಳೆಯಿತು. ಪೋಲೀಸರ ನಿರ್ದೋಷಪತ್ರ ಬೇರೆ.

ಇದರಲ್ಲಿ ನಮಗೊಂದು ವಿನೋದವೂ ಕಾದಿತ್ತು. ಇಟಲಿಯಲ್ಲಿ ಹೆಂಗಸು ಮದುವೆಯಾದರೂ ಸರಕಾರದ ಕಾಗದಗಳಲ್ಲಿ ಹುಟ್ಟಿದ ಮನೆಯ ಹೆಸರಿನಿಂದಲೇ ಇರುವಳು. ಮಗಳ ಗೋತ್ರ ಹೋಯಿತೆಂದುಕೊಂಡಿದ್ದ ನಮಗೆ, ಆ ದೂರದ ಊರಿನ ಪುರಸಭೆಯ ದಫ್ತರದಲ್ಲಿ ತಂದೆಯ ಹೆಸರೇ ಅವಳ ಕುಲನಾಮವಾಗಿ ನಿಂತುದನ್ನು ಕಂಡು ನಗುವೂ ಬಂದಿತು, ಕಣ್ಣೂ ಒದ್ದೆಯಾಯಿತು.

ಈ ನಡುವೆ ನಮ್ಮ ಅಳಿಯಂದಿರ ಬಂಧುಗಳಾದ ಒಬ್ಬ ಮಹಿಳೆಯ ವೃತ್ತಾಂತವು ತಿಳಿದುಬಂದಿತು. ಅವರಿರುವುದು ದಕ್ಷಿಣ ಬ್ರೆಜಿಲಿನ ರಿಯೊ ಗ್ರಾಂಡಿ ದೊ ಸುಲ್ ಪ್ರಾಂತದಲ್ಲಿ. ೧೮೭೫ರಿಂದ ವೆನೆತೊ ಮುಂತಾದ ಕಡೆಗಳ ಬಡರೈತರು ಹಡಗೇರಿ ಹೋಗಿ ಅಲ್ಲಿ ಕಾಡು ಕಡಿದು ದ್ರಾಕ್ಷಿಯ ತೋಟಗಳನ್ನು ಬೆಳೆಸಿದರು. ಅವರು ಒಯ್ದ ನುಡಿಯು ತಾಲಿಯನ್ ಎಂಬ ಹೆಸರಿನಿಂದ ಇಂದಿಗೂ ಮನೆಗಳಲ್ಲಿ ಉಳಿದಿದ್ದು, ೨೦೧೪ರಲ್ಲಿ ಬ್ರೆಜಿಲ್ ಸರಕಾರವು ಅದನ್ನು ದೇಶದ ಸಾಂಸ್ಕೃತಿಕ ಸಂಪತ್ತೆಂದು ಅಂಗೀಕರಿಸಿತು. ಈ ಮಹಿಳೆಯೂ ಆ ನುಡಿಯನ್ನು ಆಡುವವರೇ.

ಹಿಂದಿನ ನಿಯಮದಂತೆ, ಇಟಲಿ ಒಂದು ರಾಜ್ಯವಾದ ೧೮೬೧ರ ಮಾರ್ಚ್ ೧೭ರ ತರುವಾಯ ಬದುಕಿದ್ದ ಇಟಲಿಯ ಪೂರ್ವಜನೊಬ್ಬನನ್ನು ತೋರಿಸಿ, ನಡುವೆ ಎಲ್ಲಿಯೂ ಪೌರತ್ವ ಕಡಿದಿಲ್ಲವೆಂದು ಸಾಧಿಸಿದರೆ, ಎಷ್ಟನೆಯ ತಲೆಮಾರಿನವರಾದರೂ ಇಟಲಿಯವರೆನಿಸುತ್ತಿದ್ದರು. ಮುತ್ತಜ್ಜನ ಹುಟ್ಟನ್ನು ಸಾಧಿಸಲು ಆಕೆ ಅನೇಕ ವರ್ಷ ಶ್ರಮಪಟ್ಟರು. ವೆನೆತೊ ಇಟಲಿಗೆ ಸೇರಿದುದು ೧೮೬೬ರಲ್ಲಿ. ಪುರಸಭೆಗಳ ಜನನದ ದಫ್ತರ ಅಲ್ಲಿ ಮೊದಲಾದುದು ೧೮೭೧ರಲ್ಲಿ. ಅದಕ್ಕೆ ಹಿಂದಿನದನ್ನೆಲ್ಲ ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಹುಡುಕಬೇಕು. ಅಲ್ಲಿ ಜುಸೆಪ್ಪೆಯಾಗಿದ್ದವನು ಬ್ರೆಜಿಲಿನ ದಫ್ತರದಲ್ಲಿ ಜೊಸೆಯಾಗಿದ್ದನು. ಅಂತೂ ಕಾಗದಗಳೆಲ್ಲ ಕೂಡಿಬಂದು ಅರ್ಜಿ ಹಾಕಬೇಕೆನ್ನುವಷ್ಟರಲ್ಲಿ, ೨೦೨೫ರ ಮಾರ್ಚ್ ೨೮ರಂದು ಇಟಲಿಯ ಸರಕಾರವು ಹೊಸ ಆಜ್ಞೆಯನ್ನು ಹೊರಡಿಸಿತು. ಮೇ ತಿಂಗಳಲ್ಲಿ ಅದು ಕಾನೂನಾಯಿತು. ಹೊರದೇಶದಲ್ಲಿ ಹುಟ್ಟಿ ಬೇರೆ ಪೌರತ್ವವುಳ್ಳವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಟಲಿಯ ಪೌರತ್ವವನ್ನೊಂದನ್ನೇ ಹೊಂದಿದ ತಂದೆತಾಯಿಯೋ ಅಜ್ಜ ಅಜ್ಜಿಯೋ ಇರಬೇಕು. ಮುತ್ತಜ್ಜನ ಹೆಸರು ಇನ್ನು ಸಾಲದು.

ದೇಶದೊಡನೆ ನಿಜವಾದ ಸಂಬಂಧವಿಲ್ಲದವರ ಅರ್ಜಿಗಳು ಮಿತಿಮೀರಿದುವೆಂಬುದು ಸರಕಾರದ ವಾದ. ಸಣ್ಣಪುಟ್ಟ ಪುರಸಭೆಗಳು ಆ ಅರ್ಜಿಗಳ ಹೊರೆಯಿಂದ ಬಳಲಿದುದೂ ನಿಜ. ಆದರೂ ತಾತನ ನುಡಿಯನ್ನು ನಾಲಿಗೆಯ ಮೇಲಿಟ್ಟುಕೊಂಡವರು ಹೊಸ್ತಿಲ ಹೊರಗೆ, ಒಂದು ಹನಿ ಇಟಲಿಯ ರಕ್ತವಿಲ್ಲದ ನಮ್ಮ ಹುಡುಗಿ ಒಳಗೆ! ಆಕೆ ಮಾತ್ರ ಕಹಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ‘ನಿನ್ನ ಹೆಂಡತಿ ನನ್ನ ಪರವಾಗಿಯೂ ಓಟು ಹಾಕಲಿ’ ಎಂದು ಅಳಿಯಂದಿರಿಗೆ ಹೇಳಿಕಳುಹಿಸಿದರು. ರಕ್ತದ ನಂಟು ದೊಡ್ಡದೋ, ಒಂದು ನೆಲದಲ್ಲಿ ಸಂಸಾರ ಹೂಡಿ ಬಾಳುವ ನಂಟು ದೊಡ್ಡದೋ ಎಂದು ಕೇಳಿದರೆ, ಸೊಸೆಯರನ್ನು ಮನೆ ತುಂಬಿಸಿಕೊಳ್ಳುವ ನಮ್ಮ ಜನ ಎರಡನೆಯದನ್ನು ಕಡೆಗಣಿಸಲಾರರು. ಆದರೆ ಮೊದಲನೆಯದನ್ನು ಒಂದು ಬೆಳಗ್ಗೆ ಲೇಖನಿಯಿಂದ ಹೊಡೆದುಹಾಕಿದಾಗ ಆಗುವ ನೋವೂ ನಮಗೆ ಅರ್ಥವಾಗುವಂತಹದೇ.

ನಮ್ಮ ಮಟ್ಟಿಗೆ ನೋವಿನ ಮಾತು ಬೇರೆಯಿತ್ತು. ಇಟಲಿಯು ಎರಡು ಪೌರತ್ವಗಳನ್ನು ಸಹಿಸುವುದು, ಭಾರತವು ಸಹಿಸದು. ೧೯೫೫ರ ನಮ್ಮ ಕಾನೂನಿನಂತೆ, ತಾನಾಗಿ ಪರದೇಶದ ಪೌರತ್ವವನ್ನು ಪಡೆದವರು ಭಾರತದ ಪೌರರಾಗಿ ಉಳಿಯುವುದಿಲ್ಲ, ಪಾಸ್‌ಪೋರ್ಟನ್ನು ಒಪ್ಪಿಸಬೇಕು. ಅನಂತರ ಸಾಗರೋತ್ತರ ಪೌರರೆಂಬ ಚೀಟಿಯನ್ನು ಬೇಡಬಹುದು. ಅದು ದೊರೆತರೆ ವೀಸಾ ಇಲ್ಲದೆ ಬಂದುಹೋಗಬಹುದು, ಇರಬಹುದು. ಓಟು ಹಾಕುವಂತಿಲ್ಲ, ಹೊಲ ತೋಟಗಳನ್ನು ಕೊಳ್ಳುವಂತಿಲ್ಲ. ಈ ವಿಷಯದಲ್ಲಿ ನಮ್ಮಿಬ್ಬರಿಗೂ ಒಮ್ಮತವಿರಲಿಲ್ಲ. ಒಬ್ಬರು, ಮಗು ಯಾವ ದೇಶದ್ದೋ ತಾಯಿಯೂ ಆ ದೇಶದವಳಾಗಲಿ ಎಂದರೆ, ಇನ್ನೊಬ್ಬರು, ಅಲ್ಲಿ ವಾಸಿಸಲು ಅಪ್ಪಣೆ ಇದ್ದೇ ಇರುವಾಗ ಹುಟ್ಟಿದ ನಾಡಿನ ಹಕ್ಕನ್ನೇಕೆ ಬಿಡಬೇಕು ಎಂದರು. ಮನೆಯ ಹಿರಿಯರಾದ ಅಜ್ಜಿಯವರು ಎಲ್ಲವನ್ನೂ ಕೇಳಿ, ‘ಗೌರಿಹಬ್ಬಕ್ಕೆ ಅವಳು ಬರಬೇಕಾದರೆ ಯಾರ ಅಪ್ಪಣೆ ಬೇಕು?’ ಎಂದು ಮಾತ್ರ ಕೇಳಿದರು. ಆ ಚೀಟಿಯಿದ್ದರೆ ಯಾರದೂ ಬೇಡವೆಂದೆವು. ‘ಹಾಗಾದರೆ ಬಾಗಿನ ನಿಲ್ಲಲಿಲ್ಲವಷ್ಟೆ. ಮಿಕ್ಕದ್ದನ್ನು ಅವಳೇ ಯೋಚಿಸಲಿ’ ಎಂದರು.

ಮಗಳು ಯೋಚಿಸಿ ಅರ್ಜಿ ಹಾಕಿದಳು. ತೆರಿಗೆ ಕೊಡುವ ಊರಿನಲ್ಲಿ, ಮಗ ಓದುವ ಶಾಲೆಯ ಊರಿನಲ್ಲಿ, ಮಾತಿಗೆ ಬೆಲೆಯಿಲ್ಲದವಳಾಗಿ ಇರಲಾರೆನೆಂಬುದು ಅವಳ ಕಾರಣ. ೨೦೨೫ರಲ್ಲಿ ಒಪ್ಪಿಗೆ ಬಂದಿತು. ಆರು ತಿಂಗಳೊಳಗೆ ಪುರಸಭೆಯಲ್ಲಿ ನಿಂತು, ಗಣರಾಜ್ಯಕ್ಕೆ ನಿಷ್ಠಳಾಗಿ ಸಂವಿಧಾನವನ್ನೂ ಕಾನೂನುಗಳನ್ನೂ ಪಾಲಿಸುವೆನೆಂದು ಪ್ರಮಾಣ ಮಾಡತಕ್ಕದ್ದು; ಪೌರತ್ವ ಸಿದ್ಧಿಸುವುದು ಅದರ ಮರುದಿನದಿಂದ. ಆ ಒಂದು ರಾತ್ರಿ ಅವಳು ಇನ್ನೂ ನಮ್ಮ ದೇಶದವಳೇ ಆಗಿದ್ದಳು. ರಾತ್ರಿಯೆಲ್ಲ ದೂರವಾಣಿಯಲ್ಲಿ ಅವಳು ತನ್ನ ತಾಯಿಯೊಡನೆ ಮಾತಾಡಿದುದು ಹುಳಿಯ ಪುಡಿಯ ವಿಷಯ.

ಹೆಣ್ಣುಮಕ್ಕಳನ್ನು ದೂರಕ್ಕೆ ಕಳುಹಿಸುವ ತಂದೆತಾಯಿಗಳಿಗೆ ನಮ್ಮ ವಿಜ್ಞಾಪನೆಯಿಷ್ಟೆ: ನಾಮಕರಣವಾದೊಡನೆ ಜನನದ ದಫ್ತರದಲ್ಲಿ ಹೆಸರನ್ನು ಬರೆಯಿಸಿರಿ, ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಆ ಹೆಸರು ಒಂದೇ ರೀತಿಯಲ್ಲಿರಲಿ, ಎರಡೂ ದೇಶಗಳ ಕಾನೂನನ್ನು ಮುಂಚಿತವಾಗಿ ತಿಳಿದುಕೊಳ್ಳಿರಿ. ತೀರ್ಮಾನವನ್ನು ಮಾತ್ರ ಅವಳಿಗೆ ಬಿಡಿರಿ. ಹಿಂದಿನ ಕಾನೂನುಗಳು ಹೆಣ್ಣನ್ನು ಕೇಳದೆಯೇ ಅವಳ ದೇಶವನ್ನು ಬದಲಾಯಿಸುತ್ತಿದ್ದುವು. ಈಗಿನ ಕಾನೂನು ಅವಳನ್ನು ಕೇಳುತ್ತದೆ. ಮನೆಯವರೂ ಕೇಳುವುದು ಲೇಸು.