ಹೊಸ ಡ್ರೈವಿನ ಸದ್ದು

ಮನೆಗೆ ಹೊಸದಾಗಿ ಬಂದ ವಸ್ತುವು ಸದ್ದು ಮಾಡಿದರೆ ಮನೆಯವರಿಗೆ ನಿದ್ರೆ ಬಾರದು. ಹಳೆಯ ವಸ್ತುಗಳ ಸದ್ದಾದರೋ ಕಿವಿಗೆ ಬೀಳುವುದೇ ಇಲ್ಲ. ನಮ್ಮ ನಡುಮನೆಯ ಗೋಡೆಗಡಿಯಾರವು ನಲವತ್ತು ವರ್ಷಗಳಿಂದ ಟಿಕ್ ಟಿಕ್ ಎನ್ನುತ್ತಲಿದೆ. ಅದು ನಿಂತ ದಿನವಷ್ಟೇ ನಮಗೆ ಅದರ ನೆನಪಾಗುವುದು. ಆದರೆ ಕಳೆದ ಆಷಾಢದಲ್ಲಿ ನಾವು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೊಂಡು ತಂದ 8 ಟೆರಾಬೈಟಿನ ಹಾರ್ಡ್ ಡ್ರೈವು ನಮ್ಮನ್ನು ಮೂರು ರಾತ್ರಿ ಎಚ್ಚರವಾಗಿಟ್ಟಿತೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ. ಆಷಾಢದಲ್ಲಿ ಹೊಸ ಸಾಮಾನು ಬೇಡವೆಂದು ನಮ್ಮ ಮನೆಯಾಕೆ ಮೊದಲೇ ಹೇಳಿದ್ದಳು. ಆ ಮಾತನ್ನು ಆಮೇಲೆ ಎರಡು ಬಾರಿ ನೆನಪಿಗೂ ತಂದಳು.

ಒಂದು ಯಂತ್ರದ ಸದ್ದಿಗೆ ಇಷ್ಟು ಕಳವಳವೇಕೆಂದು ವಾಚಕರು ಕೇಳಬಹುದು. 1986ರಲ್ಲಿ ನಮ್ಮ ಭಾವನವರು ಹಳ್ಳಿಯ ಮನೆಯ ಅಡುಗೆಮನೆಯಲ್ಲಿ ಟೇಪ್ ರೆಕಾರ್ಡರನ್ನಿಟ್ಟು ನಮ್ಮ ತಾಯಿಯವರಿಂದ ಬೀಸುವ ಪದಗಳನ್ನೂ ಹಸೆಯ ಹಾಡುಗಳನ್ನೂ ಹೇಳಿಸಿ ಏಳು ಕ್ಯಾಸೆಟ್ಟುಗಳಲ್ಲಿ ತುಂಬಿಸಿದ್ದರು. ತಾಯಿಯವರು ತೀರಿಕೊಂಡ ಮೇಲೆ ಆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಅವು ಪೂರ್ತಿಯಾಗಿ ಕೆಡುವ ಮೊದಲು ಹಾಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡೆವು. ಹಾಡು ಭದ್ರವಾಯಿತೆಂದು ನೆಮ್ಮದಿಯಿಂದಿದ್ದೆವು. ಎರಡು ವರ್ಷಗಳ ಹಿಂದೆ ಒಂದು ಬೆಳಗ್ಗೆ ಕಂಪ್ಯೂಟರನ್ನು ಹಚ್ಚಿದಾಗ ಹಳೆಯ ಹಾರ್ಡ್ ಡ್ರೈವು ಇದ್ದ ಗುರುತೇ ಕಾಣಲಿಲ್ಲ. ಹಿಂದಿನ ದಿನ ಅದು ನರಳಿರಲಿಲ್ಲ, ಗೊಣಗಿರಲಿಲ್ಲ. ಕೇಳುವವರಿಲ್ಲದ ಮುದುಕರಂತೆ ಸದ್ದಿಲ್ಲದೆ ಹೋಗಿತ್ತು. ತಂಗಿಯ ಮದುವೆಯ ಚಿತ್ರಗಳೆಲ್ಲ ಅದರೊಂದಿಗೆ ಹೋದವು. ಹಾಡುಗಳು ಉಳಿದದ್ದು ನಮ್ಮ ಜಾಣತನದಿಂದಲ್ಲ. ಸೋದರಳಿಯನು ಯಾವುದೋ ಶುಭಕಾರ್ಯದಲ್ಲಿ ಕೇಳಿಸಲೆಂದು ಅವನ್ನು ತನ್ನ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡಿದ್ದನು, ಅಷ್ಟೇ.

ಹೀಗಿರಲು, ಹೊಸ ಡ್ರೈವನ್ನು ಸಿ.ಪಿ.ಯು. ಪೆಟ್ಟಿಗೆಯೊಳಗೆ ಕೂರಿಸಿದ ದಿನವೇ ಅದು ಗುಂಯ್ ಎನ್ನಲು ತೊಡಗಿದಾಗ ನಮ್ಮ ಎದೆ ಹಾರಿತು. ಗುಂಯ್ ಎಂಬುದರ ಮೇಲೆ ಕಡಲೆಯನ್ನು ಕಡಿದಂತೆ ಕಟಕಟ. ಯಾರೂ ಮುಟ್ಟದೆ ಸುಮ್ಮನಿದ್ದಾಗಲೂ ಆಗಾಗ ಒಂದು ಟಕ್. ರಾತ್ರಿ ಎಲ್ಲರೂ ಮಲಗಿದ ಮೇಲೆ ಆ ಟಕ್ ಎಂಬುದು ಹಲ್ಲಿಯು ಲೊಚಗುಟ್ಟಿದಂತೆ ಕೇಳುತ್ತಿತ್ತು. ಹಲ್ಲಿಯ ನುಡಿಗೆ ಫಲವನ್ನು ಪಂಚಾಂಗದಲ್ಲಿ ನೋಡಬಹುದು. ಇದಕ್ಕೆ ಎಲ್ಲಿ ನೋಡುವುದು? ಅಂಗಡಿಗೆ ದೂರವಾಣಿ ಮಾಡಿದೆವು. ಅಂಗಡಿಯ ಹುಡುಗನು, “ದೊಡ್ಡ ಡ್ರೈವ್ ಎಲ್ಲಾ ಹಂಗೇ ಸಾರ್” ಎಂದು ಹೇಳಿ ಇಟ್ಟುಬಿಟ್ಟನು. ಮಾರುವವನ ಸಮಾಧಾನವು ಕೊಂಡವನಿಗೆ ಎಷ್ಟು ಹಿಡಿಸುವುದೋ ಅಷ್ಟೇ ನಮಗೂ ಹಿಡಿಸಿತು. ಆದರೆ ಅವನು ಹೇಳಿದ್ದು ಸುಳ್ಳಲ್ಲವೆಂಬುದು ಮುಂದೆ ತಿಳಿಯಿತು.

ಭಾನುವಾರ ಸೋದರಳಿಯನು ಬಂದನು. ಅವನು ಮೊದಲು ಮಾಡಿದ್ದು ನಮ್ಮ ಭಯವನ್ನು ಕಳೆಯುವುದಲ್ಲ, ಡ್ರೈವಿನೊಳಗೆ ಏನಿದೆಯೆಂಬುದನ್ನು ವಿವರಿಸುವುದು. ಹೊರಗಿನಿಂದ ಇಟ್ಟಿಗೆಯಂತೆ ಕಾಣುವ ಆ ಡಬ್ಬಿಯೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳು ಒಂದೇ ಅಚ್ಚಿಗೆ ಸೇರಿಕೊಂಡು ತಿರುಗುತ್ತಿರುವುವು. ನಮ್ಮದು ನಿಮಿಷಕ್ಕೆ 7200 ಸುತ್ತು, ಎಂದರೆ ಸೆಕೆಂಡಿಗೆ 120 ಸುತ್ತು ತಿರುಗುವ ಜಾತಿಯದು. ತಟ್ಟೆಯ ಅಂಚು ಗಂಟೆಗೆ 120 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿರುವುದು. ಗುಂಯ್ ಎಂಬುದು ಈ ಓಟದ ಸದ್ದು. ತಟ್ಟೆಯ ಮೇಲೆ, ಅದಕ್ಕೆ ತಾಗದೆ, ಕೆಲವೇ ನ್ಯಾನೋಮೀಟರುಗಳ ಅಂತರದಲ್ಲಿ ಓದುವ ತಲೆಯು ತೇಲುವುದು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪವೇ ಹಲವು ಹತ್ತು ಸಾವಿರ ನ್ಯಾನೋಮೀಟರು. ಈ ತಲೆಯನ್ನು ಹೊತ್ತ ತೋಳನ್ನು ಅತ್ತಿಂದಿತ್ತ ಎಳೆಯುವುದು ಅಯಸ್ಕಾಂತದ ನಡುವಣ ಒಂದು ತಂತಿಯ ಸುರುಳಿ. ರೇಡಿಯೋವಿನ ಧ್ವನಿಪೆಟ್ಟಿಗೆಯಲ್ಲಿ ಹಾಳೆಯನ್ನು ನಡುಗಿಸುವುದೂ ಇಂಥದೇ ಸುರುಳಿ! ತೋಳು ಸೆಕೆಂಡಿಗೆ ಹಲವಾರು ಸಲ ಹೊರಟು ತಟ್ಟನೆ ನಿಲ್ಲುವಾಗ ಕಟಕಟ ಎನ್ನದೆ ಇನ್ನೇನು ಮಾಡೀತು?

1956ರಲ್ಲಿ ಐ.ಬಿ.ಎಂ. ಸಂಸ್ಥೆಯವರು ಹೊರತಂದ ಮೊದಲ ಹಾರ್ಡ್ ಡ್ರೈವಿನಲ್ಲಿ ಎರಡೆರಡು ಅಡಿ ಅಗಲದ 50 ತಟ್ಟೆಗಳಿದ್ದುವು. ಅದರ ತೂಕ ಸುಮಾರು ಒಂದು ಟನ್ನು. ಅದರಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು ಮಾತ್ರ. ಅಂಗೈಯಲ್ಲಿ ಹಿಡಿಯಬಹುದಾದ ನಮ್ಮ ಡ್ರೈವು ಅದರ 16 ಲಕ್ಷ ಪಟ್ಟು ಹಿಡಿಯುವುದು. ಆ ಹಿರಿಯಜ್ಜನ ಸದ್ದನ್ನು ಕೇಳಿದ್ದರೆ ನಾವು ಈ ಮರಿಮಗನ ಗೊಣಗಾಟವನ್ನು ಕ್ಷಮಿಸುತ್ತಿದ್ದೆವೋ ಏನೋ. ಈಗಿನ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲದ ಎಸ್.ಎಸ್.ಡಿ. ಬಂದಿರುವುದರಿಂದ ನಮ್ಮ ಕಿವಿಗೆ ಸದ್ದಿನ ಅಭ್ಯಾಸ ತಪ್ಪಿಹೋಗಿದೆಯೆಂಬುದೂ ನಿಜ. ಮೊದಲಾಗಿದ್ದರೆ ಎಲ್ಲ ಕಂಪ್ಯೂಟರುಗಳೂ ಕಡಲೆ ಕಡಿಯುತ್ತಿದ್ದುವು, ಯಾರೂ ಕೇಳುತ್ತಿರಲಿಲ್ಲ.

“ಅದೆಲ್ಲ ಇರಲಿ. ಸುಮ್ಮನಿದ್ದಾಗ ಟಕ್ ಅನ್ನುವುದೇಕೆ?” ಎಂದು ಕೇಳಿದೆವು. ಅವನು ಕೈಗಡಿಯಾರವನ್ನು ಹಿಡಿದು ಲೆಕ್ಕ ಮಾಡಿದನು. ಸರಿಯಾಗಿ ಐದು ಸೆಕೆಂಡಿಗೊಮ್ಮೆ. “ಇದು ಒಳ್ಳೆಯ ಗುಣವೇ ಮಾವ. ತಲೆ ಒಂದೇ ಜಾಗದ ಮೇಲೆ ಬಹಳ ಹೊತ್ತು ನಿಲ್ಲಬಾರದು ಅಂತ ಕೆಲವು ದೊಡ್ಡ ಡ್ರೈವುಗಳಲ್ಲಿ ಮಾಡಿದವರೇ ಹೀಗೆ ಇಟ್ಟಿರುತ್ತಾರೆ” ಎಂದನು. ಆಮೇಲೆ ಪೆಟ್ಟಿಗೆಯ ಮಗ್ಗುಲಿನ ತಗಡನ್ನು ಅಂಗೈಯಿಂದ ಒತ್ತಿ ಹಿಡಿದನು. ಗುಂಯ್ ಎಂಬುದು ಅರ್ಧಕ್ಕೆ ಇಳಿಯಿತು. ತಂತಿಯ ನಾದವನ್ನು ತಂಬೂರಿಯ ಬುರುಡೆ ಹಿಗ್ಗಿಸುವಂತೆ, ಡ್ರೈವಿನ ನಡುಕವನ್ನು ಸಡಿಲವಾದ ತಗಡೂ ಅದರ ಕೆಳಗಿನ ಮರದ ಮೇಜೂ ಹಿಗ್ಗಿಸುತ್ತಿದ್ದುವು. ತಿರುಪುಗಳ ಬುಡಕ್ಕೆ ರಬ್ಬರಿನ ಬಿಲ್ಲೆಗಳನ್ನು ಕೊಟ್ಟು ಬಿಗಿಮಾಡಿ, ಪೆಟ್ಟಿಗೆಯನ್ನು ಮೇಜಿನಿಂದ ನೆಲಕ್ಕಿಳಿಸಿ ಹಳೆಯ ಚಾಪೆಯ ಮೇಲಿಟ್ಟನು. ನಮ್ಮ ಮೂರು ರಾತ್ರಿಯ ನಿದ್ದೆಯನ್ನು ಕೆಡಿಸಿದ್ದರಲ್ಲಿ ಮುಕ್ಕಾಲು ಪಾಲು ಮೇಜಿನದೇ ತಪ್ಪು!

ಆದರೂ ಅವನು ಅಷ್ಟಕ್ಕೇ ಬಿಡಲಿಲ್ಲ. ಕಿವಿಯ ಸಾಕ್ಷ್ಯವನ್ನು ನಂಬಬಾರದು, ಡ್ರೈವು ತನ್ನ ವಿಷಯವಾಗಿ ತಾನೇ ಬರೆದಿಡುವ ಲೆಕ್ಕವನ್ನು ನೋಡಬೇಕು ಎಂಬುದು ಅವನ ವಾದ. ಸ್ಮಾರ್ಟ್ ಎಂದು ಕರೆಯಲಾಗುವ ಆ ಕಡತವನ್ನು ಸ್ಮಾರ್ಟ್‌ಮೊನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದಿಂದ ತೆರೆದು ತೋರಿಸಿದನು. ಎಷ್ಟು ಗಂಟೆ ಓಡಿದೆ ಎಂಬುದು ಮೊದಲಿನದು. ಹೊಸದೆಂದು ಹಳೆಯದನ್ನು ಕೊಟ್ಟಿದ್ದಾರೆಯೇ ಎಂಬ ಸಂದೇಹವನ್ನು ಇದು ಬಹುಮಟ್ಟಿಗೆ ಬಗೆಹರಿಸುವುದು. ಕೆಟ್ಟ ಜಾಗಕ್ಕೆ ಬದಲಾಗಿ ಬೇರೆ ಜಾಗವನ್ನು ಎಷ್ಟು ಸಲ ಕೊಟ್ಟಿದೆ, ಓದಲಾರದೆ ತೀರ್ಮಾನಕ್ಕೆ ಕಾದಿರುವ ಜಾಗಗಳೆಷ್ಟು ಎಂಬ ಎರಡು ಲೆಕ್ಕಗಳು ಮುಖ್ಯವಾದವು. ಹೊಸ ಡ್ರೈವಿನಲ್ಲಿ ಎರಡೂ ಸೊನ್ನೆಯಾಗಿರಬೇಕು. ತರುವಾಯ ತಟ್ಟೆಗಳನ್ನು ತುದಿಯಿಂದ ತುದಿಗೆ ಓದಿಸುವ ದೀರ್ಘ ಪರೀಕ್ಷೆಗೆ ಹಚ್ಚಿದನು. ಅದು ಹದಿನಾಲ್ಕು ಗಂಟೆ ಹಿಡಿಯಿತು. ಇದನ್ನು ಅಂಗಡಿಯವರು ಬದಲಾಯಿಸಿ ಕೊಡುವ ಗಡುವಿನೊಳಗೇ ಮಾಡಿಬಿಡಬೇಕು. ಸದ್ದನ್ನು ಮಾತ್ರ ಹೇಳಿಕೊಂಡು ಹೋದರೆ ಯಾವ ಅಂಗಡಿಯವನೂ ಕೇಳುವುದಿಲ್ಲ, ಪರೀಕ್ಷೆಯಲ್ಲಿ ಸೋತ ಡ್ರೈವನ್ನು ಇಲ್ಲವೆನ್ನುವುದು ಅವನಿಗೆ ಕಷ್ಟ. ಮರುದಿನ ನೋಡಲಾಗಿ ಸೊನ್ನೆ, ಸೊನ್ನೆ. ನಮ್ಮ ಶಾಲೆಯ ದಿನಗಳಲ್ಲಿ ಸೊನ್ನೆಯನ್ನು ನೋಡಿ ಇಷ್ಟು ಸಂತೋಷಪಟ್ಟ ನೆನಪಿಲ್ಲ.

ಹೆದರಲೇಬೇಕಾದ ಸದ್ದುಗಳೂ ಇವೆ. ತಟ್ಟೆ ತಿರುಗಲು ತೊಡಗಿ ಮತ್ತೆ ನಿಂತು ಮತ್ತೆ ತೊಡಗುವುದು, ಒಂದೇ ಅಳತೆಯಲ್ಲಿ ಗಟ್ಟಿಯಾಗಿ ಟಕ್ ಟಕ್ ಎನ್ನುತ್ತಲೇ ಕಂಪ್ಯೂಟರಿಗೆ ಡ್ರೈವು ಕಾಣದಂತಾಗುವುದು, ಲೋಹವನ್ನು ಕೆರೆದಂಥ ಕಿರುಗುಟ್ಟುವಿಕೆ, ಮತ್ತು ನಿನ್ನೆಯವರೆಗೆ ಇಲ್ಲದ ಸದ್ದು ಇಂದು ತಲೆದೋರುವುದು. ಕೆರೆಯುವ ಸದ್ದು ಕೇಳಿದೊಡನೆ ವಿದ್ಯುತ್ತನ್ನು ನಿಲ್ಲಿಸಬೇಕು. ಇನ್ನೊಂದು ಸಲ ಹಚ್ಚಿ ನೋಡೋಣವೆಂಬ ಆಸೆಯಿಂದ ಪ್ರತಿಸಲವೂ ತಟ್ಟೆಯ ಮೇಲಿನ ಬರಹ ಇನ್ನಷ್ಟು ಅಳಿಯುವುದು.

ಇಷ್ಟೆಲ್ಲ ಕೇಳಿ ನಾವು, “ಹಾಗಾದರೆ ಇನ್ನು ಚಿಂತೆಯಿಲ್ಲವಷ್ಟೆ?” ಎಂದೆವು. ಅವನು ತಲೆಯಾಡಿಸಲಿಲ್ಲ. 2007ರಲ್ಲಿ ಗೂಗಲ್ ಸಂಸ್ಥೆಯ ಮೂವರು ಒಂದು ಲಕ್ಷಕ್ಕೂ ಹೆಚ್ಚು ಡ್ರೈವುಗಳ ಲೆಕ್ಕವನ್ನು ಪರಿಶೀಲಿಸಿ ಪ್ರಕಟಿಸಿದ ಲೇಖನದ ವಿಷಯವನ್ನು ಹೇಳಿದನು. ತಟ್ಟೆಯನ್ನು ಶೋಧಿಸುವಾಗ ಮೊದಲ ದೋಷವನ್ನು ತೋರಿದ ಡ್ರೈವು, ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚಾಗಿ 60 ದಿನಗಳೊಳಗೆ ಕೆಡುವ ಸಂಭವವಿದೆಯೆಂದು ಅವರು ಕಂಡರು. ಆದುದರಿಂದ ಆ ಕಡತವನ್ನು ನೋಡುವುದು ವ್ಯರ್ಥವಲ್ಲ. ಆದರೆ ಕೆಟ್ಟುಹೋದ ಡ್ರೈವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರಿಸದೆಯೇ ಕೆಟ್ಟಿದ್ದುವಂತೆ. ನಮ್ಮ ಹಳೆಯ ಡ್ರೈವಿನ ಹಾಗೆ. “ಗಲಾಟೆ ಮಾಡುವ ಇದರ ಬಗ್ಗೆ ನೀವು ಹೆದರಿದಿರಿ. ಆವತ್ತು ಸುಮ್ಮನಿದ್ದುದರ ಬಗ್ಗೆ ಹೆದರಲಿಲ್ಲ. ಅಜ್ಜಿಯ ಹಾಡು ಈಗ ಎಷ್ಟು ಕಡೆ ಇದೆ, ಹೇಳಿ ಮಾವ” ಎಂದನು.

ನಾವು ಉತ್ತರ ಕೊಡಲಿಲ್ಲ. ಅವನ ಲ್ಯಾಪ್‌ಟಾಪಿನಿಂದ ಹಾಡುಗಳನ್ನು ಹೊಸ ಡ್ರೈವಿಗೆ ತುಂಬಿಕೊಂಡ ದಿನವೇ, ಇನ್ನು ಬೇಕಿಲ್ಲವೆಂದು ಅಲ್ಲಿಂದ ಅಳಿಸಲು ನಾವೇ ಅವನಿಗೆ ಹೇಳಿದ್ದೆವು. ಅವನು ಅಳಿಸಿರಲಿಲ್ಲ.

ಆ ಸಂಜೆಯೇ ಒಂದು ಚಿಕ್ಕ ಡ್ರೈವನ್ನು ಕೊಂಡು ಎಲ್ಲವನ್ನೂ ಅದಕ್ಕೆ ನಕಲು ಮಾಡಿ ಶಿವಮೊಗ್ಗದ ತಂಗಿಯ ಮನೆಗೆ ಕಳುಹಿಸಿದೆವು. ಮನೆಗೇ ನೀರು ನುಗ್ಗಿದರೆ ಒಂದೇ ಬೀರುವಿನಲ್ಲಿಟ್ಟ ಎರಡು ಪ್ರತಿಗಳಿಂದ ಪ್ರಯೋಜನವೇನು? ಹಾಡುಗಳ ಮಟ್ಟಿಗೆ ಇನ್ನೊಂದು ಪ್ರತಿಯನ್ನು ಅಂತರ್ಜಾಲದ ಭಂಡಾರದಲ್ಲಿಯೂ ಇರಿಸಿದ್ದಾಯಿತು. ಆರು ತಿಂಗಳಿಗೊಮ್ಮೆ ಪ್ರತಿಗಳನ್ನು ತೆರೆದು ಕೇಳಿ ನೋಡತಕ್ಕದ್ದೆಂದು ಮನೆಯಾಕೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದಾಳೆ.

ಕಳೆದ ವಾರ ಹಾಗೆ ಕೇಳುತ್ತ ಕುಳಿತಿದ್ದೆವು. ಮೂರನೆಯ ಕ್ಯಾಸೆಟ್ಟಿನ ಪದವೊಂದು ನಡೆಯುತ್ತಿದ್ದಿತು. ಸೋದರಳಿಯನು ತಟ್ಟನೆ ಎದ್ದು ಹೋಗಿ ಸಿ.ಪಿ.ಯು. ಪೆಟ್ಟಿಗೆಗೆ ಕಿವಿಯಿಟ್ಟನು. “ಮಾವ, ಈ ಗರಗರ ಮೊದಲು ಇರಲಿಲ್ಲ ಅಲ್ಲವೆ?”

ನಮ್ಮ ಮನೆಯಾಕೆ ನಕ್ಕಳು. “ಅದು ಡ್ರೈವ್ ಅಲ್ಲ ಕಣೋ, ಬೀಸೋ ಕಲ್ಲು. ನಿಮ್ಮಜ್ಜಿ ರಾಗಿ ಬೀಸ್ತಾನೇ ಹಾಡಿದ್ದು.”

ಅವನು ಆ ಕಲ್ಲನ್ನು ನೋಡಿದವನಲ್ಲ. ಬಂದು ಕುಳಿತು, ಪದವನ್ನು ಇನ್ನೊಮ್ಮೆ ಮೊದಲಿನಿಂದ ಹಾಕಲು ಹೇಳಿದನು.