ತಂಬೂರಿಯ ಕುದುರೆ

ಕೃಷ್ಣಾತೀರದ ನಮ್ಮ ಅಂಕಲಿಯು ರಾಜಧಾನಿಯಲ್ಲ, ಯಾತ್ರಾಸ್ಥಳವೂ ಅಲ್ಲ. ಆದರೂ ಆಳಂದಿಯಿಂದ ಪಂಢರಪುರಕ್ಕೆ ನಡೆಯುವ ವಾರಕರಿಗಳಿಗೆ ಇದರ ಹೆಸರು ಚೆನ್ನಾಗಿ ಗೊತ್ತು. ಅದಕ್ಕೆ ಕಾರಣವು ಕುದುರೆ. ಜ್ಞಾನೇಶ್ವರ ಮಹಾರಾಜರ ಪಾಲಖಿಯ ಸಂಗಡ ನಡೆಯುವ ಎರಡು ಕುದುರೆಗಳು ಇಲ್ಲಿಯ ಶಿತೋಳೆ ಸರದಾರರ ಮನೆತನದಿಂದ ಹೊರಡತಕ್ಕವು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೈಬತಬಾಬಾ ಅರಫಳಕರರು ಪಾಲಖಿಯ ಈಗಿನ ಪದ್ಧತಿಯನ್ನು ಏರ್ಪಡಿಸಿದಾಗ ಈ ಮನೆತನದವರು ಅವರಿಗೆ ನೆರವಾದರು. ಅಂದಿನಿಂದ ಬಂದ ಸಂಪ್ರದಾಯದಂತೆ ಕುದುರೆಗಳು ಅಂಕಲಿಯನ್ನು ಬಿಟ್ಟು, ಸುಮಾರು 300 ಕಿಲೋಮೀಟರು ನಡೆದು ಆಳಂದಿಯನ್ನು ಮುಟ್ಟುವವು. ಒಂದರ ಮೇಲೆ ಧ್ವಜ ಹಿಡಿದ ಸವಾರನಿರುವನು. ಇನ್ನೊಂದರ ಬೆನ್ನು ಬರಿದು, ಅದು ಮಾವುಲಿಯ ಕುದುರೆ. ಲಾರಿಯಲ್ಲಿ ಏರಿಸಿದರೆ ಒಂದೇ ದಿನದ ದಾರಿಯಲ್ಲವೇ ಎಂದು ನನ್ನ ಮಗಳು ಚಿಕ್ಕಂದಿನಲ್ಲಿ ಕೇಳಿದ್ದಳು. ಏನೋ ಹೇಳಿ ಸುಮ್ಮನಾಗಿಸಿದೆ.

ಆದರೆ ನಾನು ಬರೆಯಹೊರಟ ಕುದುರೆ ಅದಲ್ಲ. ತಂಬೂರಿಯ ಬುರುಡೆಗೆ ಹೊದಿಸಿದ ಹಲಗೆಯ ಮೇಲೆ ನಿಂತು ನಾಲ್ಕು ತಂತಿಗಳನ್ನು ಹೊರುವ ಚಿಕ್ಕ ಮಣೆಯೊಂದುಂಟು. ಅದಕ್ಕೆ ಕನ್ನಡದಲ್ಲಿ ಕುದುರೆಯೆಂದೇ ಹೆಸರು. ಮರಾಠಿಯವರು ಘೋಡಿ ಎನ್ನುವರು. ನಮ್ಮ ತೀರ್ಥರೂಪರ ತಂಬೂರಿಯ ಈ ಕುದುರೆಯು ಕುಂಟಿದ್ದರಿಂದ ಕಳೆದ ಬೇಸಗೆಯಲ್ಲಿ ನಾನೂ ಮಗಳೂ ಮಿರಜಕ್ಕೆ ಹೋಗಬೇಕಾಯಿತು.

ತೀರ್ಥರೂಪರು ಪ್ರತಿ ಏಕಾದಶಿಯ ರಾತ್ರಿ ಅದನ್ನು ಹೆಗಲಿಗಾನಿಸಿಕೊಂಡು ಭಜನೆಗೆ ಕೂಡುತ್ತಿದ್ದರು. ಅವರ ತರುವಾಯ ಕೆಲವು ವರ್ಷ ನಾನು ಮೀಟಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಮನೆಯ ಸಾಮಾನುಗಳೊಡನೆ ಅದನ್ನೂ ಅಟ್ಟಕ್ಕೇರಿಸಿದೆವು. ನೀರು ಇಳಿದ ಮೇಲೆ ಜೋಳದ ಚೀಲಗಳು ಇಳಿದವು, ಪುಸ್ತಕಗಳು ಇಳಿದವು. ತಂಬೂರಿ ಮಾತ್ರ ಅಲ್ಲಿಯೇ ಉಳಿಯಿತು. ಶಾಲೆಯ ಕೆಲಸ, ಪರೀಕ್ಷೆಯ ಉತ್ತರಪತ್ರಿಕೆ ಎಂದು ನೆವ ಹೇಳುತ್ತಿದ್ದೆ. ನಿವೃತ್ತನಾದ ಮೇಲೆ ನೆವವೂ ಉಳಿಯಲಿಲ್ಲ.

ಮಗಳು ಬೆಂಗಳೂರಿನಲ್ಲಿ ವೆಬ್‌ಸೈಟುಗಳ ಪುಟಗಳನ್ನು ರಚಿಸುವ ಉದ್ಯೋಗದಲ್ಲಿರುವಳು. ಅಕ್ಷರವು ಎಷ್ಟು ದೊಡ್ಡದಿರಬೇಕು, ಒತ್ತುವ ಗುಂಡಿ ಎಲ್ಲಿರಬೇಕು, ವೃದ್ಧರೂ ಅವಸರದವರೂ ದಾರಿ ತಪ್ಪದೆ ತಮ್ಮ ಕೆಲಸವನ್ನು ಹೇಗೆ ತೀರಿಸಿಕೊಳ್ಳಬೇಕು ಎಂಬದೇ ಅವಳ ಶಾಸ್ತ್ರ. ನಾನು ಆ ಶಾಸ್ತ್ರದ ಲಕ್ಷ್ಯಕ್ಕೆ ಸಂಸ್ಕೃತದಲ್ಲಿ ‘ಸುಖಪ್ರಯೋಜ್ಯತೆ’ ಎಂದು ಹೆಸರಿಟ್ಟೆ. “ಅಪ್ಪಾ, ಆ ಹೆಸರ ಹೇಳೂದು ಸುಖ ಆಗಂಗಿಲ್ಲಲ್ರೀ!” ಎಂದು ಅವಳು ನಕ್ಕಳು. ಅಹುದೆಂದು ಒಪ್ಪಿಕೊಂಡೆ.

ಊರಿಗೆ ಬಂದಾಗ ಅವಳು ನನ್ನ ಮೊಬೈಲಿನಲ್ಲಿ ತಂಬೂರಿಯ ಆ್ಯಪೊಂದನ್ನು ಹಾಕಿಕೊಟ್ಟಳು. ಯಂತ್ರದ ತಂಬೂರಿಯು ನಮಗೆ ಹೊಸದಲ್ಲ. ಕೊಳಲು ನುಡಿಸಬಲ್ಲ ಎಂಜಿನಿಯರರಾದ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿಯೇ ವಿದ್ಯುತ್ ತಂಬೂರಿಯನ್ನು ನಿರ್ಮಿಸಿದರು. ಅದು ಎಷ್ಟೋ ಗಾಯಕರ ಪ್ರವಾಸದ ಭಾರವನ್ನು ಇಳಿಸಿತು. ಈಗ ಆ ಪೆಟ್ಟಿಗೆಯೂ ಬೇಡ, ಅಂಗಿಯ ಜೇಬು ಸಾಕು. ಆದರೆ ನನ್ನ ಮೊಬೈಲಿನ ತಂಬೂರಿಯು ಮೊದಲ ದಿನವೇ ಕಾಡಿಸಿತು. ನಮ್ಮ ಭಜನೆಯ ಮಂದಿಗೆ ಶ್ರುತಿಯೆಂದರೆ ಪೇಟಿಯ ಮನೆಗಳ ಲೆಕ್ಕ: ಕಪ್ಪು ಒಂದು, ಬಿಳಿ ಎರಡು. ಅದು ಇಂಗ್ಲಿಷ್ ಅಕ್ಷರಗಳಲ್ಲಿ ಕೇಳುವದು. ಆ ಅಕ್ಷರಗಳೋ ಸಾಸಿವೆಯಷ್ಟು. ಅಭಂಗದ ನಡುವೆ ಯಾರೋ ಫೋನು ಮಾಡಿದರೆ ಶ್ರುತಿಯೇ ನಿಂತುಹೋಗುವದು. ನಾನು ನನ್ನ ದಡ್ಡತನವನ್ನು ಹಳಿದುಕೊಂಡೆ. ಮಗಳು ಮಾತ್ರ, “ನಿಮ್ಮ ತಪ್ಪಲ್ರೀ ಅಪ್ಪಾ, ಮಾಡಿದವರ ತಪ್ಪು” ಎಂದು ಗಂಭೀರವಾಗಿ ಹೇಳಿದಳು. ಹಾಗೆ ಯಂತ್ರವು ಸೋತು, ಅಟ್ಟದ ಮೇಲಿನ ತಂಬೂರಿಯು ಕೆಳಗಿಳಿಯಿತು. ನಿಜ ಹೇಳಬೇಕೆಂದರೆ ಯಂತ್ರದ ಶ್ರುತಿ ರಾತ್ರಿಯೆಲ್ಲ ಒಂದೆಳೆಯಷ್ಟೂ ಇಳಿಯುತ್ತಿರಲಿಲ್ಲ. ಆ ಗುಣವನ್ನು ನಾನು ಅಲ್ಲಗಳೆಯಲಾರೆ.

ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ, ಕಾಗವಾಡ, ಮ್ಹೈಸಾಳಗಳ ಮೇಲೆ ಹಾಯ್ದು ಮಿರಜಕ್ಕೆ ಹೋದೆವು. ಎಡಬಲಗಳಲ್ಲಿ ಕಬ್ಬಿನ ಹೊಲಗಳು. ರಾಜ್ಯವು ಬದಲಾದುದನ್ನು ಅಂಗಡಿಯ ಫಲಕಗಳಿಂದ ತಿಳಿಯಬೇಕು. ಮಾತಿನಲ್ಲಿ ಕನ್ನಡ ಮರಾಠಿಗಳು ಎರಡೂ ದಂಡೆಯಲ್ಲಿ ಕಲೆತೇ ಇರುವವು.

ಮಿರಜದ ವಾದ್ಯಕಾರರ ಪೂರ್ವಜರು ಶಿಕಲಗಾರರು, ಅಂದರೆ ಕತ್ತಿ ಭರ್ಚಿಗಳನ್ನು ಮಸೆಯುವವರು. ಯುದ್ಧಗಳ ಕಾಲ ಮುಗಿದು ಶಸ್ತ್ರಗಳಿಗೆ ಗಿರಾಕಿ ತಪ್ಪಿದಾಗ, ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಫರೀದಸಾಹೇಬ ಎಂಬವರು ಸಿತಾರು ತಂಬೂರಿಗಳ ಕೆಲಸಕ್ಕೆ ಕೈಹಾಕಿದರು. ಪಟವರ್ಧನ ಸಂಸ್ಥಾನಿಕರ ಆಶ್ರಯವೂ ದೊರೆಯಿತು. ಇಲ್ಲಿಯ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಬಂದಿದೆ. ಬುರುಡೆಯ ಸೋರೆಕಾಯಿಗಳು ಪಂಢರಪುರದ ಕಡೆಯ ಹೊಲಗಳಿಂದ ಬರುವವು. ನಮ್ಮೂರ ಕುದುರೆ ಪಂಢರಿಗೆ ಹೋಗುವದು, ಪಂಢರಿಯ ಸೋರೆ ನಮ್ಮ ಭಜನೆಗೆ ಬರುವದು, ಲೆಕ್ಕ ಸರಿಯಾಯಿತಷ್ಟೆ!

ನಾವು ಹೊಕ್ಕ ಕಾರಖಾನೆಯು ಒಂದೇ ಕೋಣೆ. ಗೋಡೆಯುದ್ದಕ್ಕೂ ಬುರುಡೆಗಳು ಮಡಕೆಗಳಂತೆ ಒರಗಿದ್ದವು, ಅರಗಿನ ವಾಸನೆ. ನಡುವಯಸ್ಸಿನ ಕುಶಲಿಗರು ನಮ್ಮ ತಂಬೂರಿಯ ಬುರುಡೆಯನ್ನು ಬೆರಳಿನಿಂದ ತಟ್ಟಿ, ಬಿರುಕಿಲ್ಲವೆಂದು ನಿಶ್ಚಯಿಸಿಕೊಂಡು, ಮೊದಲು ಕೇಳಿದ್ದು ಇಷ್ಟು: ಹಾಡುವವರು ಯಾರು? ಗಂಡಸರೋ ಹೆಂಗಸರೋ? ಯಾವ ಮನೆಯ ಶ್ರುತಿ? ಮಗಳು ನನ್ನ ತೋಳನ್ನು ಮುಟ್ಟಿ, “ನಮ್ಮ ಕೆಲಸದಾಗೂ ಮೊದಲನೇ ಪ್ರಶ್ನೆ ಇದೇರೀ” ಎಂದಳು. ಆಮೇಲೆ ಅವಳ ಕಣ್ಣು ಅವರ ಕೈಯನ್ನು ಬಿಟ್ಟು ಕದಲಲಿಲ್ಲ.

ಅವರು ತಂತಿಗಳನ್ನು ಸಡಿಲಿಸಿ, ಕುದುರೆಯ ಮೇಲಿನ ಎಲುಬಿನ ಪಟ್ಟಿಯಲ್ಲಿ ತಂತಿ ತಿಂದು ಮಾಡಿದ ಗೀರುಗಳನ್ನು ಅರದಿಂದ ಸವರಿದರು. ಅದರ ಬೆನ್ನು ಸಪಾಟವಾಗಿರಲಾಗದು, ತೀರ ಇಳಿಜಾರೂ ಆಗಲಾಗದು. ಸವರುವರು, ಊದುವರು, ಬೆಳಕಿಗೆ ಹಿಡಿದು ನೋಡುವರು. ಹೀಗೆ ಒಂದು ತಾಸಿಗೂ ಹೆಚ್ಚು. ಕಟ್ಟಕಡೆಗೆ ತಂತಿಯ ಕೆಳಗೆ ಒಂದು ನೂಲೆಳೆಯನ್ನು ಸೇರಿಸಿ, ಮೀಟುತ್ತ ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರು. ಎಲ್ಲಿಯೋ ಒಂದು ಬಿಂದುವಿನಲ್ಲಿ ನಾದವು ತೆರೆಯುವದು. ಇದಕ್ಕೆ ಅವರು ಜವಾರಿ ಎನ್ನುವರು. ಜೀವಕ್ಕೆ ಸಂಬಂಧಪಟ್ಟ ಶಬ್ದವೆಂದು ಬಲ್ಲವರು ಹೇಳುವರು. ನಮ್ಮ ಸೀಮೆಯಲ್ಲಿ ಜವಾರಿ ಎಂದರೆ ನಾಡಬೀಜದ್ದು ಎಂದರ್ಥ. ಈ ಸಂತೆಯಲ್ಲಿ ಎರಡೂ ಅರ್ಥ ಸಲ್ಲುವವೆಂದು ನನಗೆ ತೋರಿತು.

ಈ ನೂಲಿನ ಮಹಿಮೆಯನ್ನು ವಿಜ್ಞಾನಿಗಳೂ ಕಂಡಿರುವರು. ತಂತಿಯನ್ನು ಸರಿಯಾಗಿ ನಡುವಿನಲ್ಲಿ ಮೀಟಿದರೆ, ಆ ನಡುಬಿಂದುವಿನಲ್ಲಿ ನಿಶ್ಚಲವಾಗಿರತಕ್ಕ ಉಪಸ್ವರಗಳು ಕೇಳಿಸಲಾಗದೆಂಬದು ಪಾಶ್ಚಾತ್ಯ ಶಾಸ್ತ್ರದ ನಿಯಮ. ತಂಬೂರಿ ವೀಣೆಗಳಲ್ಲಿ ಅವೂ ಕೇಳಿಸುವವೆಂದು ಸಿ. ವಿ. ರಾಮನ್ನರು 1921ರಲ್ಲಿ ಪ್ರಕಟಿಸಿದರು. ತಂತಿಯು ಕಂಪಿಸುವಾಗ ಕುದುರೆಯ ಬಾಗಿದ ಬೆನ್ನನ್ನು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ಮಾಡುವದೇ ಇದಕ್ಕೆ ಕಾರಣ. ಹೀಗೆ ಒಂದು ತಂತಿಯೊಳಗಿನಿಂದ ಸ್ವರಗಳ ಸಂಸಾರವೇ ಹೊರಡುವದು. ಗಾಯಕನು ತನ್ನ ಸ್ವರದ ಸ್ಥಾನವನ್ನು ಆ ಗುಂಯ್‌ಗುಟ್ಟುವಿಕೆಯಲ್ಲಿ ಹುಡುಕಿಕೊಳ್ಳುವನು.

ಇದೇ ಸ್ವರಸ್ಥಾನಗಳನ್ನು ಗುಂಡಿಗಳಲ್ಲಿ ಕೂಡಿಸುವ ಸಾಹಸವೊಂದು ಪಕ್ಕದ ಸಾಂಗಲಿಯಿಂದ ನಡೆದಿತ್ತು. ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳನ್ನು ಅಳೆದು 1910ರಲ್ಲಿ ಗ್ರಂಥ ಬರೆದರು. ಅವರ ಪ್ರಯೋಗಗಳಿಗೆ ಅಬ್ದುಲ್ ಕರೀಮ್ ಖಾನರು ಕಂಠವನ್ನು ಕೊಟ್ಟರು. ಕ್ಲೆಮೆಂಟ್ಸ್ ಎಂಬ ನ್ಯಾಯಾಧೀಶರು ಜೊತೆಗೂಡಿ ಶ್ರುತಿ ಹಾರ್ಮೋನಿಯಮ್ಮನ್ನು ಮಾಡಿಸಿದರು. 1916ರ ಬಡೋದೆಯ ಸಂಗೀತ ಪರಿಷತ್ತಿನಲ್ಲಿ ಅದನ್ನು ವಿದ್ವಾಂಸರ ಮುಂದಿಟ್ಟರು. ಒಪ್ಪಿಗೆಯಾಗಲಿಲ್ಲ, ಬಳಕೆಗೂ ಬರಲಿಲ್ಲ. ಈ ವೃತ್ತಾಂತವನ್ನು ಹೇಳಿದಾಗ ಮಗಳು, “ಗುಂಡಿ ಹೆಚ್ಚು ಮಾಡಿದರ ಯಾವಾಗಲೂ ಹಿಂಗ ಆಗತದರೀ” ಎಂದಳು. ನಾಲ್ಕು ತಂತಿಗಳ ತಂಬೂರಿಯಲ್ಲಿ ಗುಂಡಿಯೇ ಇಲ್ಲವಲ್ಲ ಎಂದೆ. ಅವಳು ಉತ್ತರ ಹೇಳದೆ ನೂಲೆಳೆಯನ್ನೇ ನೋಡುತ್ತಿದ್ದಳು.

ಆಗಲೇ ಕುಶಲಿಗರು ಪಂಚಮವನ್ನೂ ಜೋಡಿ ಷಡ್ಜಗಳನ್ನೂ ಖರ್ಜವನ್ನೂ ಮೀಟಿದರು. ಮಗಳು ಉಸಿರು ಹಿಡಿದಳು. ಬಾಗಿಲಲ್ಲಿ ನಿಂತ ಚಹದ ಹುಡುಗನೂ ತಿರುಗಿ ನೋಡಿದನು. ಸರಿಯಾಯಿತೇ ಎಂದು ಅವರು ನನ್ನನ್ನು ಕೇಳಿದರು. ನಾನು ತಲೆಯಾಡಿಸಿದೆ.

ಅದು ಸುಳ್ಳು. ನನಗೆ ಕೇಳಿಸಿದ್ದು ತುಂಬಿದ ಕೊಡವನ್ನು ತಟ್ಟಿದಂಥ ದಪ್ಪ ನಾದವಷ್ಟೆ. ತೀರ್ಥರೂಪರ ತೊಡೆಯ ಮಗ್ಗುಲಲ್ಲಿ ಮಲಗಿ ನಾನು ಕೇಳುತ್ತಿದ್ದ ಜೇನುಹುಳಗಳ ಝೇಂಕಾರವು ಅದರಲ್ಲಿರಲಿಲ್ಲ. ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವದು ಅತ್ಯುಚ್ಚ ಧ್ವನಿಗಳನ್ನು. ಜವಾರಿಯ ಸೊಗಸೆಲ್ಲ ಇರುವದು ಅಲ್ಲಿಯೇ. ಮಹಾಪೂರಕ್ಕಿಂತ ಮೊದಲೇ ನನಗೆ ಈ ಸಂಶಯವಿತ್ತು. ತಂಬೂರಿಯು ಅಟ್ಟದಿಂದ ಇಳಿಯದಿದ್ದುದಕ್ಕೆ ಪರೀಕ್ಷೆಯ ಉತ್ತರಪತ್ರಿಕೆಗಳು ಕಾರಣವಲ್ಲ. ತಿಳಿಯದಿದ್ದರೂ ತಿಳಿಯಿತೆಂದು ತಲೆಯಾಡಿಸಿದ ಹುಡುಗರನ್ನು ನಾನು ಎಷ್ಟು ಸಲ ಬೈದಿರುವೆನೋ!

ಸಂಜೆ ಮೀರಾಸಾಹೇಬರ ದರ್ಗೆಗೆ ಹೋದೆವು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಮ್ ಖಾನರ ಸಮಾಧಿ ಅಲ್ಲಿಯೇ ಇದೆ. ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳು, ಅವರ ಮೂಲಕ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ಪರಮಗುರುಗಳು. ತಂಬೂರಿಯನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಾಗ ಮಗಳಿಗೆ ನಿಜವನ್ನು ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಾ ಆ ಆ್ಯಪಿನ ಅಕ್ಷರ ದೊಡ್ಡವು ಮಾಡಬೇಕಂತ ಯೋಚಿಸಾಕತ್ತಿದ್ದೆರೀ ಅಪ್ಪಾ” ಎಂದಳು. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. “ಇರಲಿ ಬಿಡವ್ವಾ” ಎಂದೆ.

ಮರಳುವಾಗ ಬಸ್ಸಿನಲ್ಲಿ ತಂಬೂರಿಗೆ ಕಿಟಕಿಯ ಪಕ್ಕದ ಆಸನವನ್ನು ಕೊಟ್ಟೆವು. ಕಂಡಕ್ಟರರು ಅದಕ್ಕೆ ಅರ್ಧ ಟಿಕೀಟು ಹರಿದರು. ವಾದ ಮಾಡಲಿಲ್ಲ. ಮನೆಯಲ್ಲಿ ಮಗಳು ಮೊಬೈಲನ್ನು ಮುಂದಿಟ್ಟುಕೊಂಡು, ಅದರ ಷಡ್ಜಕ್ಕೆ ಬಿರಡೆಗಳನ್ನು ತಿರುಗಿಸಿ, ಮಣಿಗಳನ್ನು ಸರಿಸಿ, ತಂಬೂರಿಯನ್ನು ಕೂಡಿಸಿಕೊಟ್ಟಳು. ಎರಡು ದಿನಗಳ ಮೇಲೆ ಬೆಂಗಳೂರಿಗೆ ಹೋದಳು. ಅವಳು ಹೋದ ರಾತ್ರಿಯೇ ಮೋಡ ಕವಿದು ತಂತಿಗಳು ಇಳಿದವು.

ಮರುದಿನ ನಾನು ಜಗುಲಿಯ ಮೇಲೆ ಕೂತು ಬಿರಡೆ ತಿರುಗಿಸುತ್ತಿದ್ದೆ. ಮುಂಗೈ ನೊಂದಿತು, ಸ್ವರವು ಕೂಡಲಿಲ್ಲ. ಕೂಡಿದ್ದರೂ ನನಗೆ ಗೊತ್ತಾಗುವಂತಿರಲಿಲ್ಲ. ನೆರೆಮನೆಯ ಹುಡುಗನು, ಒಂಬತ್ತು ವರ್ಷದವನು, ಬುಗುರಿಯಾಡುವದನ್ನು ಬಿಟ್ಟು ಬಂದು ಕಂಬವನ್ನು ಹಿಡಿದು ನಿಂತನು. ಸ್ವಲ್ಪ ಹೊತ್ತು ಕೇಳಿ, “ಇನ್ನ ಚೂರು ಮ್ಯಾಲರೀ ಗುರುಗಳ” ಎಂದನು. ಏರಿಸಿದೆ. “ಬ್ಯಾಡ, ಹೆಚ್ಚಾತು.” ಇಳಿಸಿದೆ. “ಹಾಂ, ಈಗ ಗುಂಯ್ ಅನ್ನಾಕತ್ತೈತ್ರಿ.”

ಅವನಿಗೆ ಸಂಗೀತದ ಗಂಧವಿಲ್ಲ. ಸ, ಪ ಎಂದರೇನೆಂದು ತಿಳಿಯದು. ಈಗ ದಿನಾಲು ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುವನು. ನಾನು ಬಿರಡೆ ತಿರುಗಿಸುವೆನು, ಅವನು ಕೇಳುವನು. ಕೂಲಿಯೆಂದು ಎರಡು ಪೇಢೆ. ನಿನ್ನೆ ನೂಲೆಳೆಯನ್ನು ತಾನೇ ಸರಿಸುವೆನೆಂದು ಹಟ ಹಿಡಿದನು, ಕೊಟ್ಟೆನು.